ಹೂಜಿ ಗಿಡ ಹೆಚ್ಚಿದೆ

"ಬ್ಯಾಟರಿ ನೀರು ಹೆಚ್ಚಿದೆ ಕಣ್ರೀ!" ಎಂದು ನನ್ನ ಹೆಂಡತಿ ವಂದನಾ ಬಾಲ್ಕನಿಯಿಂದ ಕೂಗಿದಳು. ನಮ್ಮ ಇನ್ವರ್ಟರಿನ ಹೊಟ್ಟೆಗೆ ತಿಂಗಳಿಗೊಮ್ಮೆ ಶುದ್ಧ ಮಾಡಿದ ನೀರು ಕುಡಿಸಬೇಕು. ಅದನ್ನು ತುಂಬಿಡುವ ನೀಲಿ ಕ್ಯಾನು ಅವಳ ಕೈಯಲ್ಲಿ ತಲೆಕೆಳಗಾಗಿತ್ತು. ಒಂದು ಹನಿ ಬಂದು, ಇನ್ನೊಂದು ಬರಲೋ ಬೇಡವೋ ಎಂದು ಬಾಯಲ್ಲೇ ನಿಂತಿತ್ತು. ಅಂದರೆ ನೀರು ಪೂರ್ತಿ ಮುಗಿದಿತ್ತು. ಹಾಗೆ ಮುಗಿದದ್ದಕ್ಕೇ ಅವಳು ಹೆಚ್ಚಿದೆ ಎಂದದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬೆಳೆದ ಮನೆಯಲ್ಲಿ ಯಾವ ಪದಾರ್ಥವೂ ಎಂದೂ ಮುಗಿದದ್ದಿಲ್ಲ. ಅಕ್ಕಿ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಉಪ್ಪು ಹೆಚ್ಚುತ್ತಿತ್ತು, ಕುಂಕುಮ ಹೆಚ್ಚುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಅದೂ ಹೆಚ್ಚುತ್ತಿತ್ತು. ದೀಪವನ್ನು ಯಾರೂ ಆರಿಸುತ್ತಿರಲಿಲ್ಲ, ಶಾಂತ ಮಾಡುತ್ತಿದ್ದರು. ಹೊರಟವರು 'ಹೋಗ್ತೀನಿ' ಎನ್ನುತ್ತಿರಲಿಲ್ಲ, ಚಪ್ಪಲಿ ಮೆಟ್ಟಿಕೊಳ್ಳುತ್ತ 'ಬರ್ತೀನಿ' ಎನ್ನುತ್ತಿದ್ದರು. ಕೆಟ್ಟ ಮಾತು ಬಾಯಿಂದ ಬಿದ್ದರೆ ಜಂತೆಯ ಮೇಲೆ ಕುಳಿತ ಯಾವುದೋ ದೇವತೆ ಅವಸರದಲ್ಲಿ 'ತಥಾಸ್ತು' ಎಂದುಬಿಟ್ಟೀತು ಎಂಬ ಎಚ್ಚರ. ಒಳ್ಳೆಯ ಮಾತಿಗೂ ಅಷ್ಟೇ ಎಚ್ಚರ. ಎದುರುಮನೆಯ ಮಗು ಕುಂಬಳಕಾಯಿಯ ಹಾಗೆ ದುಂಡಗೆ ಬೆಳೆದಿದ್ದರೂ ದೃಷ್ಟಿಯಾದೀತೆಂದು 'ಇದೆ, ಪರವಾಗಿಲ್ಲ' ಎಂದಷ್ಟೇ ಹೇಳಿ ಕೆನ್ನೆ ಮುಟ್ಟಬೇಕು.

ಈ ಶಾಸ್ತ್ರವನ್ನೆಲ್ಲ ನನಗೆ ಕಲಿಸಿದವರು ನಮ್ಮ ಸೋದರತ್ತೆ, ಕಮಲತ್ತೆ. ನನಗೆ ಮಾತು ಬಂದದ್ದೇ ಅವರ ಸೆರಗು ಹಿಡಿದುಕೊಂಡು ಅರಸೀಕೆರೆಯ ಮನೆಯ ಅಡುಗೆಕೋಣೆಯಲ್ಲಿ ಓಡಾಡುತ್ತ. ಎರಡನೇ ಕ್ಲಾಸಿನಲ್ಲಿ ನನ್ನ ಸ್ಲೇಟು ಬಿದ್ದು ನಾಲ್ಕು ಚೂರಾದಾಗ ಎದ್ದು ನಿಂತು, "ಸ್ಲೇಟು ಹೆಚ್ಚಿದೆ ಸಾರ್" ಎಂದೆ. ಮೇಷ್ಟ್ರು ತಲೆಯೆತ್ತದೆ, "ಹೆಚ್ಚಿದ್ರೆ ಪಕ್ಕದವನಿಗೊಂದು ಕೊಡೋ" ಎಂದರು. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ನಾನು ಎರಡು ಕನ್ನಡ ಇಟ್ಟುಕೊಂಡೆ. ಒಂದು ಹೊರಗಿನದು, ಒಂದು ಅತ್ತೆಯದು.

ವಂದನಾಳದು ಮೂರನೆಯ ಕನ್ನಡ. ಅವಳು ಕನ್ನಡದವರ ಮಗಳೇ, ಆದರೆ ಹಿಂದಿ ಸೀಮೆಯ ಪೀತಮ್‌ಪುರದಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಕಿವಿಗೆ ಬರುತ್ತದೆ, ನಾಲಿಗೆಗೆ ಹಿಂದಿ. ಮದುವೆಯಾಗಿ ನಾವು ದೆಹಲಿಯ ಅಂಚಿನ ಇಂದಿರಾಪುರಂನಲ್ಲಿ ಎಂಟನೇ ಮಹಡಿಯ ಫ್ಲ್ಯಾಟು ಹಿಡಿದ ಹೊಸದರಲ್ಲಿ, ಮಂಡಿನೋವಿನ ಚಿಕಿತ್ಸೆಗೆಂದು ಬಂದ ಕಮಲತ್ತೆ ನಮ್ಮ ಜೊತೆಯಲ್ಲೇ ಉಳಿದರು. ಬಂದ ವಾರವೇ "ಸಕ್ಕರೆ ಹೆಚ್ಚಿದೆ ಕಣಮ್ಮ" ಎಂದರು. ವಂದನಾ ಖುಷಿಯಾಗಿ ಸಾಮಾನಿನ ಚೀಟಿಯಿಂದ ಸಕ್ಕರೆ ಹೊಡೆದುಹಾಕಿದಳು. ಭಾನುವಾರ ಅವಳ ಆಫೀಸಿನವರು ಆರು ಜನ ಟೀಗೆ ಬಂದು ಕುಳಿತಾಗ ಡಬ್ಬಿಯಲ್ಲಿ ಇರುವೆ ಮಾತ್ರ ಇತ್ತು.

"ಅತ್ತೆ, ನೀವೇ ಅಂದ್ರಿ ನಾ, ಸಕ್ಕರೆ ಬಢ್ ಗಯೀ ಅಂತ!"

"ಇನ್ನೇನಮ್ಮ, ಸಕ್ಕರೆ ಇಲ್ಲ ಅಂತ ಬಾಯಿಬಿಟ್ಟು ಹೇಳ್ಲಾ?"

ಆ ಟೀ ಬೆಲ್ಲದಲ್ಲಾಯಿತು. ವಂದನಾ ಈ ಪಾಠವನ್ನು ಮರೆಯಲಿಲ್ಲ. ನಾನು ಮರೆತೆ. ಹಾಗೆ ಮರೆತು ಒಂದು ಚಳಿಗಾಲ ಏನು ಪಾಡುಪಟ್ಟೆ ಎಂಬುದನ್ನೇ ಈ ಬರಿದಾದ ಕ್ಯಾನು ನೆನಪಿಸಿದ್ದು. ಏಕೆಂದರೆ ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಬ್ಯಾಟರಿ ನೀರು ಕುಡಿಯುವವರು ಇಬ್ಬರಿದ್ದರು.

ಇಂದಿರಾಪುರಂ ಆಗ ಅರ್ಧ ಕಟ್ಟಿದ ಊರು. ಬಾಲ್ಕನಿಗೆ ಬಂದರೆ ಎದುರಿಗೆ ಕ್ರೇನುಗಳು, ಕೆಳಗೆ ಮರಳಿನ ಗುಡ್ಡೆ. ಅಂಥ ಊರಿಗೆ ಪ್ರತಿ ಭಾನುವಾರ ಲಕ್ಷ್ಮೀ ನಗರದಿಂದ ಎರಡು ಬಸ್ಸು ಬದಲಿಸಿ ನಸೀಮಾ ಬರುತ್ತಿದ್ದಳು. ದಾವಣಗೆರೆಯ ಹುಡುಗಿ, ಇಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಬಸ್ಸಿನಲ್ಲಿ ಯಾರೊಡನೆಯೋ ಫೋನಿನಲ್ಲಿ ಕನ್ನಡದಲ್ಲಿ ಜಗಳವಾಡುತ್ತಿದ್ದವಳನ್ನು ವಂದನಾ ಮಾತಾಡಿಸಿ ಮನೆಗೆ ಕರೆತಂದದ್ದು. ಬಂದವಳು ಅತ್ತೆಯ ಸಾರು ಉಂಡು, ಬಟ್ಟಲೆತ್ತಿ ಕುಡಿದು, ಮನೆಯವಳಾಗಿಬಿಟ್ಟಳು.

ಒಂದು ನವೆಂಬರಿನ ಭಾನುವಾರ ಅವಳು ಎರಡೂ ಕೈಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬು ಹಿಡಿದುಕೊಂಡು ಆಟೋದಿಂದ ಇಳಿದಳು. ಆಟೋ! ನಸೀಮಾ ಆಟೋ ಹಿಡಿದಳೆಂದರೆ ಏನೋ ಇದೆ ಎಂದುಕೊಂಡೆ. ಟಬ್ಬಿನಲ್ಲಿ ಒದ್ದೆ ಪಾಚಿಯ ಮೇಲೆ ಏಳೆಂಟು ಉದ್ದನೆಯ ಹಸಿರು ಕೊಳವೆಗಳು ನಿಂತಿದ್ದವು. ಮೊಣಕೈ ಉದ್ದ, ಮೇಲೆ ಹೋಗುತ್ತ ಅಗಲ, ಬಾಯಿಗೆ ಕೆಂಪು ನರನರದ ಮುಚ್ಚಳ. ಎಲೆಯೇ ಸುತ್ತಿಕೊಂಡು ಪಾತ್ರೆಯಾಗಿತ್ತು.

"ಇದು ಹೂಜಿ ಗಿಡ ಅತ್ತೆ" ಎಂದಳು.

ಹೂಜಿ ಎಂದ ತಕ್ಷಣ ಅತ್ತೆಯ ಮುಖ ಅರಳಿತು. ಅರಸೀಕೆರೆಯಲ್ಲಿ ಬೇಸಿಗೆಗೆ ಮರಳಿನ ಮೇಲೆ ಕೂರಿಸುತ್ತಿದ್ದ ಕೆಂಪು ಹೂಜಿ ನನಗೂ ನೆನಪಾಯಿತು. ಅದರ ಕತ್ತು ಕಿರಿದು. ಒಳಗೇನಿದೆ ಎಂದು ನಾನು ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದೆ. ಕತ್ತಲೆ, ತಣ್ಣನೆಯ ಮಣ್ಣಿನ ವಾಸನೆ, ಆಳದಲ್ಲೆಲ್ಲೋ ನನ್ನದೇ ಉಸಿರಿನ ಸದ್ದು. ಒಂದು ಸಲ ಮುಚ್ಚಳ ಹಾಕಲು ಮರೆತು ಜಿರಲೆ ಬಿತ್ತು. ಹೊರಗೆ ಬರಲಾಗದೆ ಅಲ್ಲೇ ಸತ್ತಿತು. ಅತ್ತೆ ಹೂಜಿಯನ್ನೇ ಹಿತ್ತಿಲಿಗೆ ಎಸೆದರು. ಹೂಜಿ 'ಹೆಚ್ಚಿತು'.

ನಸೀಮಾಳ ಗಿಡ ಆ ಜಿರಲೆಯ ಕಥೆಯನ್ನೇ ಕಸುಬು ಮಾಡಿಕೊಂಡಿತ್ತು. "ಬಾಯಿ ಅಂಚಿಗೆ ಜೇನಿನಂಥ ರಸ ಇರ್ತದೆ ಅತ್ತೆ. ನೊಣ ಬಂದು ನೆಕ್ಕುತ್ತೆ, ಕಾಲು ಜಾರುತ್ತೆ, ಒಳಗೆ ಬೀಳುತ್ತೆ. ಕೂದಲೆಲ್ಲ ಕೆಳಮುಖ ಇರೋದ್ರಿಂದ ಮೇಲಕ್ಕೆ ಹತ್ತೋಕಾಗಲ್ಲ."

"ಆಮೇಲೆ?"

"ಗಿಡ ಜೀರ್ಣ ಮಾಡ್ಕೊಳ್ತದೆ."

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. "ಈ ಮನೆಗೆ ಮೊಟ್ಟೆ ಕೂಡ ಬಂದಿಲ್ಲ ಕಣೇ ಹುಡುಗಿ!"

"ಚಳಿಗಾಲದಲ್ಲಿ ಏನೂ ತಿನ್ನಲ್ಲ ಅತ್ತೆ. ಮೂರು ತಿಂಗಳು ಉಪವಾಸ, ಬರೀ ನಿದ್ದೆ."

ಅತ್ತೆ ಯೋಚಿಸಿದರು. "ಹಾಗನ್ನು. ನಮ್ಮ ಸ್ವಾಮಿಗಳೂ ಮಳೆಗಾಲದಲ್ಲಿ ಹಾಗೇ ಒಂದೇ ಕಡೆ ಕೂತು ವ್ರತ ಮಾಡ್ತಾರೆ."

"ನಮ್ಮದು ಒಂದೇ ತಿಂಗಳು. ಇದು ನಮ್ಮಿಬ್ಬರನ್ನೂ ಮೀರಿಸ್ತು ನೋಡ್ರಿ" ಎಂದು ನಸೀಮಾ ನಕ್ಕಳು. ಗಿಡಕ್ಕೆ ಮನೆಯೊಳಗೆ ಪ್ರವೇಶ ಸಿಕ್ಕಿತು.

ವಿಷಯ ಏನೆಂದರೆ, ಅವಳ ತಂದೆಗೆ ಆಪರೇಷನ್ ಆಗುವುದಿತ್ತು. ಮಾರ್ಚಿನವರೆಗೂ ದಾವಣಗೆರೆಯಲ್ಲಿರಬೇಕು. ಲಕ್ಷ್ಮೀ ನಗರದ ಅವಳ ಕೋಣೆಗೆ ಕಿಟಕಿಯೆಂಬುದು ಹೆಸರಿಗೆ ಮಾತ್ರ. ಮೇಲಿನ ಟೆರೇಸಿಗೆ ಹೊಸದಾಗಿ ಬಂದ ಕೋಚಿಂಗ್ ಕ್ಲಾಸಿನವರು ಬೀಗ ಹಾಕಿದ್ದರು. ಮೇಘಾಲಯದ ಕಡೆಯ ಹೂಜಿ ಗಿಡಗಳಾದರೆ ಬೆಚ್ಚಗೆ ಒಳಗಿಡಬಹುದಂತೆ. ಇದು ಅಮೆರಿಕದ ಜೌಗು ನೆಲದ ಜಾತಿ. ಇದಕ್ಕೆ ಚಳಿ ಬೇಕೇ ಬೇಕು. ಸಾಸಿವೆಗಿಂತ ಸ್ವಲ್ಪ ದೊಡ್ಡ ಬೀಜದಿಂದ ನಾಲ್ಕು ವರ್ಷ ಸಾಕಿದ್ದಳು. ಬಿತ್ತಿದ ಹನ್ನೊಂದರಲ್ಲಿ ಉಳಿದದ್ದು ಇದೊಂದೇ. ಇದುವರೆಗೂ ಹೂ ಬಿಟ್ಟಿರಲಿಲ್ಲ.

"ಅಣ್ಣಾ, ನಲ್ಲಿ ನೀರು ಹಾಕಬೇಡಿ, ಅದರ ಉಪ್ಪಿಗೆ ಸತ್ತೇಹೋಗ್ತದೆ. ನಿಮ್ಮ ಇನ್ವರ್ಟರ್ ನೀರಿದೆಯಲ್ಲ, ಅದೇ ಹಾಕಿ. ಪಾಚಿ ಒದ್ದೆ ಇರಲಿ, ಕೆಸರಾಗಬಾರದು. ಒಣಗಿತು ಅಂತ ಕಂಡ್ರೆ ಹೆದರಬೇಡಿ, ಅದು ಮಲಗಿರ್ತದೆ. ಪಾಪ ಅಂತ ಮಾತ್ರ ಒಳಗೆ ತರಬೇಡಿ. ಬೆಚ್ಚಗಾದ್ರೆ ವಸಂತ ಬಂತು ಅಂದ್ಕೊಂಡು ಎದ್ದುಬಿಡ್ತದೆ. ಜನವರಿಯಲ್ಲಿ ಚಿಗುರು ಬಂತೋ, ಅಲ್ಲಿಗೆ ಮುಗೀತು. ಅರ್ಧ ನಿದ್ದೆಗೆ ಎದ್ದ ಗಿಡ ಮುಂದಿನ ಬೇಸಿಗೆ ನೋಡಲ್ಲ."

'ಮುಗೀತು' ಎಂಬ ಮಾತಿಗೆ ಅತ್ತೆ ಮುಖ ಕಿವುಚಿದರು. ನಾನು ಎದೆ ತಟ್ಟಿ, "ನೀನು ಬರೋ ಹೊತ್ತಿಗೆ ಗಿಡ ಹೀಗೇ ಇರುತ್ತೆ, ನನ್ನ ಜವಾಬ್ದಾರಿ" ಎಂದೆ. ಎದೆ ತಟ್ಟಿಕೊಳ್ಳುವುದು ನನಗೆ ಮೊದಲಿನಿಂದಲೂ ಇರುವ ರೋಗ.

ಡಿಸೆಂಬರ್ ಬಂತು. ದೆಹಲಿಯ ಮಂಜನ್ನು ಕಂಡವರಿಗೆ ಹೇಳುವುದೇನೂ ಇಲ್ಲ, ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆರೆದರೆ ಕ್ರೇನಿಲ್ಲ, ಊರಿಲ್ಲ, ಎಂಟನೇ ಮಹಡಿಯ ಕೆಳಗೆ ನೆಲವೇ ಇಲ್ಲ. ಆ ಬಿಳಿಯ ನಡುವೆ ಟಬ್ಬೊಂದು ತೇಲುತ್ತಿರುವಂತೆ ಕಾಣುತ್ತಿತ್ತು. ಒಳಗೆ ನಾವು ಮೂವರೂ ರಜಾಯಿ ಹೊದ್ದು ಹೀಟರಿಗೆ ಅಂಟಿ ಕೂತಿದ್ದರೆ, ಹೊರಗೆ ಅದು ಒಂದೊಂದೇ ಮುಚ್ಚಳವನ್ನು ಕಂದು ಮಾಡಿಕೊಳ್ಳುತ್ತಿತ್ತು. ಕಂದು ಮೇಲಿನಿಂದ ಕೆಳಗೆ ಇಳಿಯುತ್ತಿತ್ತು, ದಿನಕ್ಕೊಂದು ಬೆರಳಿನಷ್ಟು. ಯಾರೋ ದೊಡ್ಡ ಮನೆಯೊಂದರಲ್ಲಿ ಮಹಡಿಯಿಂದ ಶುರುಮಾಡಿ ಒಂದೊಂದೇ ಕೋಣೆಯ ದೀಪ ಶಾಂತ ಮಾಡುತ್ತ ಕೆಳಗಿಳಿದು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಮಂಗನಟೋಪಿ ಹಾಕಿಕೊಂಡು ನಿಂತು ನೋಡುತ್ತಿದ್ದೆ. ಅದರೊಳಗೆ ಯಾರು ಲೆಕ್ಕ ಇಡುತ್ತಾರೆ, ಯಾವಾಗ ನಿಲ್ಲಿಸಬೇಕೆಂದು ಯಾರು ಹೇಳುತ್ತಾರೆ? ಕೇಳಲು ಯಾರೂ ಇರಲಿಲ್ಲ. ಮಂಜಿನ ಹನಿ ಮುಚ್ಚಳದಿಂದ ಜಾರಿ ಪಾಚಿಯ ಮೇಲೆ ಬೀಳುತ್ತಿತ್ತು, ಅಷ್ಟೇ.

ಅತ್ತೆಗೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಒಂದು ದಿನ ಅವರ ಹಳೆಯ ಶಾಲು ಗಿಡದ ಹೆಗಲ ಮೇಲಿತ್ತು.

"ಅತ್ತೆ, ಅದಕ್ಕೆ ಠಂಡ್ ಬೇಕಂತೆ! ತೆಗೀರಿ" ಎಂದು ವಂದನಾ ಗದರಿದಳು.

"ಬೇಕು ಅಂತ ಅದು ಬಂದು ಹೇಳ್ತೇನೆ? ಆ ಹುಡುಗಿ ಹೇಳಿದ್ದು" ಎಂದು ಗೊಣಗಿದರೂ ಶಾಲು ತೆಗೆದರು. ಆಮೇಲೆ ದಿನಕ್ಕೆರಡು ಸಲ ಹೋಗಿ ಪಾಚಿ ಮುಟ್ಟಿ ನೋಡುವುದು, ಅಳತೆ ಲೋಟದಲ್ಲಿ ಬ್ಯಾಟರಿ ನೀರು ಹಾಕುವುದು, ಎಲ್ಲ ಅವರದೇ ಆಯಿತು. ಹಾಕುವಾಗ "ಕುಡಿಯಪ್ಪ, ಇದು ಔಷಧಿ ಅಂದ್ಕೋ" ಎಂದು ಏನೇನೋ ಹೇಳುತ್ತಿದ್ದರು.

ಜನವರಿಯ ನಡುವೆ ಆಫೀಸಿನವರು ನನ್ನನ್ನು ಹತ್ತು ದಿನ ಚೆನ್ನೈಗೆ ಕಳಿಸಿದರು. ವಂದನಾ ತಂಗಿಯ ನಿಶ್ಚಿತಾರ್ಥಕ್ಕೆಂದು ಪೀತಮ್‌ಪುರದ ತೌರಿಗೆ ಹೋದಳು. ಮನೆಯಲ್ಲಿ ಅತ್ತೆ, ಗಿಡ, ಮತ್ತು ದಿನಾ ಬಂದು ವಿಚಾರಿಸಿಕೊಳ್ಳುವ ಪಕ್ಕದ ಮನೆಯ ಪಂಜಾಬಿ ಆಂಟಿ.

ನಾಲ್ಕನೇ ದಿನ ಮನೆಗೆ ಫೋನ್ ಮಾಡಿದೆ. "ಅತ್ತೆ, ಗಿಡ ಹೇಗಿದೆ?"

"ಬೆಳಿಗ್ಗೆ ಹೆಚ್ಚಿದೆ ಕಣೋ ಶೀನು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು."

ಟಕ್. ಅತ್ತೆ ಟ್ರಂಕ್ ಕಾಲ್ ಕಾಲದವರು. ಹೇಳಬೇಕಾದದ್ದು ಹೇಳಿ ಫೋನ್ ಇಟ್ಟುಬಿಡುತ್ತಾರೆ.

ನನಗೆ ಮೊದಲು ಹೊಳೆದದ್ದು ಹೊರಗಿನ ಕನ್ನಡ. ಗಿಡ ಹೆಚ್ಚಿದೆ, ಅಂದರೆ ಬೆಳೆದಿದೆ. ಜನವರಿಯಲ್ಲಿ ಚಿಗುರು! ನಾನಿಲ್ಲದ್ದು ನೋಡಿ ಅತ್ತೆ ಅದನ್ನು ಹೀಟರಿನ ಮುಂದೆ ತಂದು ಕೂರಿಸಿರಬೇಕು. ಕೂಡಲೇ ವಂದನಾಳಿಗೆ ಫೋನ್ ಮಾಡಿದೆ.

"ಗಿಡ ಎದ್ದುಬಿಟ್ಟಿದೆಯಂತೆ ಕಣೇ. ಅತ್ತೆ ಹೆಚ್ಚಿದೆ ಅಂದ್ರು."

ಆ ಕಡೆ ಡೋಲಕ್ ಬಾರಿಸುತ್ತಿದ್ದರು. "ಸುನಿಯೇ ರೀ," ಎಂದಳು ಮೆಲ್ಲಗೆ, "ನಿಮ್ಮ ಮನೇಲಿ ಹೆಚ್ಚಿದೆ ಅಂದ್ರೆ ಏನು? ಸಕ್ಕರೆ ನೆನಪಿದೆಯಾ?"

ಸೆರಗು ಹಿಡಿದು ಕಲಿತ ಭಾಷೆ ನನಗೆ ಮರೆತಿತ್ತು, ಪೀತಮ್‌ಪುರದವಳಿಗೆ ನೆನಪಿತ್ತು. ಗಿಡ ಹೆಚ್ಚಿದೆ. ಗಿಡ ಇನ್ನಿಲ್ಲ.

ತಿರುಗಿ ಫೋನ್ ಮಾಡಿ ಬಿಡಿಸಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಇಲ್ಲ. ಹೆಚ್ಚಿದೆ ಎಂದವರನ್ನು ಬಿಡಿಸಿ ಕೇಳುವಂತಿಲ್ಲ. ಕೇಳಿದರೆ ಯಾವ ಮಾತನ್ನು ತಪ್ಪಿಸಲು ಅವರು ಅಷ್ಟು ಸುತ್ತಿ ಬಂದರೋ ಅದನ್ನೇ ಅವರ ಬಾಯಿಂದ ಹೊರಡಿಸಿದಂತೆ. ಮರುದಿನ, ಅದರ ಮರುದಿನ ಫೋನ್ ಮಾಡಿದಾಗ ಮಂಡಿ ಹೇಗಿದೆ, ಮಂಜು ಹೇಗಿದೆ ಎಂದೆ. ಗಿಡದ ಹತ್ತಿರ ಹೋಗಲಿಲ್ಲ. ಅತ್ತೆಯೂ ಎತ್ತಲಿಲ್ಲ. ಅವರು ಎತ್ತದಿದ್ದುದೇ ನನಗೆ ಸಾಕ್ಷಿಯಾಯಿತು.

ಅಷ್ಟರಲ್ಲಿ ನಸೀಮಾಳ ಫೋನ್ ಬಂತು. ಅಬ್ಬಾನ ಆಪರೇಷನ್ ಚೆನ್ನಾಗಿ ಆಯಿತಂತೆ, ಗಂಜಿ ಕುಡಿಯುತ್ತಿದ್ದಾರಂತೆ. "ಅಣ್ಣಾ, ನಮ್ಮ ಗಿಡ ಮಲಗಿದೆಯಾ?"

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ಹುಡುಗಿಗೆ ಏನು ಹೇಳಲಿ? ಹೇಡಿತನಕ್ಕೆ ನಮ್ಮ ಭಾಷೆಯಂಥ ಆಸರೆ ಇನ್ನೊಂದಿಲ್ಲ. "ಅದು... ಹೆಚ್ಚಿದೆ ಅಂತ ಅತ್ತೆ ಅಂದ್ರು ನಸೀಮಾ" ಎಂದೆ.

"ಏನು? ಜನವರಿಯಲ್ಲಾ?" ಅವಳು ಚೀರಿದ್ದು ಇಡೀ ವಾರ್ಡಿಗೆ ಕೇಳಿರಬೇಕು. ದಾವಣಗೆರೆಯ ಅವರ ಮನೆಯಲ್ಲಿ ಹೆಚ್ಚುವುದೆಂದರೆ ಹೆಚ್ಚುವುದೇ. "ಅಣ್ಣಾ, ಈಗಿಂದೀಗ ಫ್ರಿಜ್ಜಿಗೆ ಇಡಿಸ್ರಿ! ತರಕಾರಿ ಡಬ್ಬಿಯಲ್ಲಿ! ತಡ ಮಾಡಬೇಡಿ!"

ಸತ್ತ ಗಿಡವನ್ನು ಫ್ರಿಜ್ಜಿಗೆ ಇಡಿಸುತ್ತೇನೆಂದು ಒಪ್ಪಿಕೊಂಡು ಫೋನ್ ಇಟ್ಟೆ. ಆ ವಾರ ಇಡ್ಲಿ ರುಚಿಸಲಿಲ್ಲ. ಮನಸ್ಸಿನಲ್ಲೇ ಕ್ಷಮಾಪಣೆಯ ಮಾತು ಹೊಸೆಯುತ್ತಿದ್ದೆ. ನಾಲ್ಕು ವರ್ಷಕ್ಕೆ ಯಾವ ಕ್ಷಮೆಯೂ ಸಾಲುತ್ತಿರಲಿಲ್ಲ.

ವಾಪಸು ಬರುವಾಗ ಮಂಜಿಗೆ ರೈಲು ಆರು ಗಂಟೆ ತಡ. ಮಧ್ಯಾಹ್ನ ಮನೆಗೆ ಬಂದವನೇ ಶೂ ಬಿಚ್ಚದೆ ಬಾಲ್ಕನಿಗೆ ಹೋದೆ. ಟಬ್ಬು ಇತ್ತು. ಹೂಜಿಗಳಿರಲಿಲ್ಲ. ಎರಡು ಬೆರಳೆತ್ತರದ ಕಂದು ಮೋಟುಗಳು, ಒಂದೇ ಸಮಕ್ಕೆ.

"ಅತ್ತೆ!"

"ಯಾಕೋ ಕಿರುಚ್ತೀಯ? ಹೇಳಿದ್ದೆನಲ್ಲ, ಹೆಚ್ಚಿದೆ ಅಂತ."

"ಹೆಚ್ಚಿದೆ ಅಂದ್ರೆ?"

"ಹೆಚ್ಚಿದೆ ಕಣೋ! ಈಳಿಗೆಮಣೇಲಿ! ಸೊಪ್ಪು ಹೆಚ್ಚೋ ಹಾಗೆ!"

ನಾನು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟೆ. ಒಂದೇ ಮಾತು, ಮೂವರು ಕೇಳಿದೆವು, ಮೂವರೂ ತಪ್ಪಿದೆವು. ಅತ್ತೆ ಆ ಒಂದು ಸಲ ಯಾವ ಶಾಸ್ತ್ರವೂ ಇಲ್ಲದೆ, ಮಾಡಿದ್ದನ್ನು ಮಾಡಿದ ಹಾಗೆ ಹೇಳಿದ್ದರು.

"ಒಣಗಿದ್ದಕ್ಕೆ ಬೂಷ್ಟು ಹಿಡಿಯೋಕೆ ಶುರುವಾಗಿತ್ತು. ಬಿಟ್ಟರೆ ಬುಡಕ್ಕೆ ಇಳಿಯುತ್ತೆ. ಕತ್ತರಿಗೆ ಸಿಗಲಿಲ್ಲ. ಟಬ್ಬನ್ನೇ ತೊಡೆ ಮೇಲೆ ಓರೆಯಾಗಿ ಹಿಡ್ಕೊಂಡು ಈಳಿಗೆಗೆ ಕೊಟ್ಟೆ."

"ಬುಡ ಸತ್ತಿದ್ದರೆ ಅತ್ತೆ?"

"ಬಿಡ್ತು ಅನ್ನು! ಮೊದಲು ಬುಡ ಒತ್ತಿ ನೋಡಿದೆ. ಇಲ್ಲಿ, ನೀನೂ ಒತ್ತು."

ಪಾಚಿ ಸರಿಸಿ ನನ್ನ ಬೆರಳು ಹಿಡಿದು ಒತ್ತಿಸಿದರು. ಅರಿಶಿನದ ಕೊಂಬಿನಂಥದೊಂದು ಅಡ್ಡ ಮಲಗಿತ್ತು. ಮಂಜುಗಡ್ಡೆಯಷ್ಟು ತಣ್ಣಗೆ, ಆದರೆ ಗಟ್ಟಿ.

ಆಮೇಲೆ ಒಳಗಿನಿಂದ ಪೇಪರಿನ ಪೊಟ್ಟಣವೊಂದನ್ನು ತಂದು ಬಿಚ್ಚಿದರು. "ನಿನಗೆ ತೋರಿಸೋಣ ಅಂತ ಇಟ್ಟಿದ್ದೆ." ಒಂದು ಒಣ ಹೂಜಿಯನ್ನು ಉದ್ದಕ್ಕೆ ಸೀಳಿದ್ದರು. ಒಳಗೆ ಬುಡದಿಂದ ಅರ್ಧದವರೆಗೆ ಕಪ್ಪಗೆ ಒತ್ತಿ ತುಂಬಿತ್ತು: ನೊಣ, ಇರುವೆ, ಒಂದು ಕಣಜ. ಒಡಲೆಲ್ಲ ಕರಗಿ ಹೋಗಿ ರೆಕ್ಕೆಗಳು ಮಾತ್ರ ಹಾಗೇ ಉಳಿದಿದ್ದವು, ಒಂದರ ಮೇಲೊಂದು. ಬಿಸಿಲಿಗೆ ಹಿಡಿದರೆ ಅಭ್ರಕದ ಹಾಗೆ ಹೊಳೆದವು. ಒಂದು ಬೇಸಿಗೆಯ ಹಾರಾಟವೆಲ್ಲ ಆ ಕೊಳವೆಯೊಳಗೆ ಮಡಿಸಿಟ್ಟಿತ್ತು. ಅದೆಲ್ಲ ಆ ಕೊಂಬಿಗೆ ಇಳಿದು, ಈಗ ಈ ಚಳಿಯಲ್ಲಿ ಅದನ್ನು ಕಾಯುತ್ತಿತ್ತು.

"ಇದನ್ನ ಮುಟ್ಟಿದ್ದಕ್ಕೆ ತಣ್ಣೀರಲ್ಲಿ ಸ್ನಾನ ಮಾಡಿದೆ ಕಣೋ. ಕರೆಂಟಿರಲಿಲ್ಲ" ಎಂದರು ಅತ್ತೆ. "ಈಳಿಗೆಮಣೆಗೆ ಮೂರು ಸಲ ಹುಣಸೆಹಣ್ಣು."

ಆದರೂ ಗಟ್ಟಿಯಾಗಿದೆ ಎಂದರೆ ಏಳುತ್ತದೆ ಎಂದಲ್ಲ. ನಸೀಮಾಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬೂಷ್ಟು ತೆಗೆದದ್ದು ಸರಿ ಎಂದಳು. ಅಷ್ಟು ಬುಡಕ್ಕೆ ಹೆಚ್ಚಬಾರದಿತ್ತು ಎಂದೂ ಹೇಳಿದಳು. ಆ ಮಾತು ನನ್ನ ಜೊತೆಯಲ್ಲೇ ಉಳಿಯಿತು. ಜನವರಿ ಕಳೆಯಿತು. ಫೆಬ್ರವರಿಯಲ್ಲಿ ಮಂಜು ಹರಿದು ಕ್ರೇನುಗಳು ವಾಪಸು ಬಂದವು. ಪಾರ್ಕಿನಲ್ಲಿ ಗುಲಾಬಿ, ಪಕ್ಕದ ಆಂಟಿಯ ಕುಂಡದಲ್ಲಿ ಡೇರೆ, ಎಲ್ಲೆಲ್ಲೂ ಹೂ. ನಮ್ಮ ಟಬ್ಬಿನಲ್ಲಿ ಮೋಟು. ಅತ್ತೆ ದಿನಾ ಅಳತೆ ಲೋಟದಲ್ಲಿ ನೀರು ಹಾಕುತ್ತಿದ್ದರು. ಗಿಡದೊಂದಿಗೆ ಮಾತಾಡುವುದನ್ನು ನಿಲ್ಲಿಸಿದ್ದರು.

ಫೆಬ್ರವರಿಯ ಕೊನೆಗೆ ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಸನ್ನೆ ಮಾಡಿ ಕರೆದರು. ಬಾಯಿ ಬಿಡಲಿಲ್ಲ, ತೋರುಬೆರಳನ್ನೂ ಚಾಚಲಿಲ್ಲ, ಕಣ್ಣಿನಲ್ಲೇ ತೋರಿಸಿದರು. ಮೋಟುಗಳ ನಡುವೆ ಒಂದು ಹಸಿರು ದಂಟು ಎದ್ದಿತ್ತು. ತುದಿಯಲ್ಲಿ ಕತ್ತು ಬಗ್ಗಿಸಿ ಕಡಲೆಕಾಳಿನಷ್ಟು ಒಂದು ಮೊಗ್ಗು. ಹೊಸ ಹೂಜಿ ಒಂದೂ ಇಲ್ಲ, ಒಂದು ಎಲೆಯೂ ಇಲ್ಲ. ನಸೀಮಾ ಎಂದೋ ಹೇಳಿದ್ದು ಆಗ ಅರ್ಥವಾಯಿತು: ಈ ಗಿಡ ಮೊದಲು ಹೂ ಬಿಡುತ್ತದೆ, ಅದು ಮುಗಿಯುವ ಹೊತ್ತಿಗೆ ಹೂಜಿ ಎತ್ತುತ್ತದೆ. ತನ್ನ ಹೂವಿಗೆ ಬಂದ ಜೇನುಹುಳ ತನ್ನದೇ ಬಲೆಗೆ ಬೀಳದಿರಲಿ ಎಂದಂತೆ. ಮೂರು ತಿಂಗಳು ಉಪವಾಸವಿದ್ದು ಎದ್ದದ್ದು, ಹಸಿದ ಬಾಯನ್ನು ಮುಚ್ಚಿಕೊಂಡು, ಮೊದಲು ಅತಿಥಿಗೆ ಮಣೆ ಹಾಕಿತ್ತು. ಈಳಿಗೆಯ ಗುರುತು ಇನ್ನೂ ಮಾಸಿರದ ಆ ಬುಡದಿಂದ. ಅತ್ತೆ ಸೆರಗಿನ ತುದಿಯಿಂದ ಟಬ್ಬಿನ ಅಂಚು ಒರೆಸುತ್ತಿದ್ದರು, ಅಲ್ಲಿ ಧೂಳಿರಲಿಲ್ಲ.

ಅವತ್ತೇ ಸಂಜೆ ನಸೀಮಾಳ ಫೋನ್ ಬಂತು. ಅತ್ತೆ ಎತ್ತಿದರು. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

"ಅತ್ತೆ, ಗಿಡ ಹೇಗಿದೆ?"

ಅತ್ತೆ ಬಾಲ್ಕನಿಯ ಕಡೆ ಒಮ್ಮೆ ನೋಡಿದರು. ದನಿ ತಗ್ಗಿಸಿದರು.

"ಇದೆ ಕಣಮ್ಮ. ಪರವಾಗಿಲ್ಲ."

ಟಕ್. ಮರುಕ್ಷಣವೇ ಫೋನ್ ಮತ್ತೆ ಬಡಿದುಕೊಂಡಿತು.

"ನೀನೇ ತಗೋ" ಎಂದರು ಅತ್ತೆ, ಒಳಗೆ ಹೋಗುತ್ತ. "ಆ ಹುಡುಗಿಗೆ ಕನ್ನಡ ಅರ್ಥವಾಗಲ್ಲ."

"ಅಣ್ಣಾ, ಅತ್ತೆ ಬರೀ 'ಇದೆ' ಅಂದ್ರು. 'ಇದೆ' ಅಂದ್ರೇನು? ನಿಜ ಹೇಳ್ರಿ!"

ಮೊಗ್ಗು ಸಂಜೆಯ ಬಿಸಿಲಿಗೆ ತಲೆ ಬಗ್ಗಿಸಿಕೊಂಡು ನಿಂತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ಸೆರಗು ಕಾಣುತ್ತಿತ್ತು. ನಾನೂ ದನಿ ತಗ್ಗಿಸಿದೆ.

"ಇದೆ ನಸೀಮಾ," ಎಂದೆ. "ಬೇಗ ಬಾ."